ಎರಡನೇ ಬ್ರೇಕ್

ಮೊನ್ನೆ ಗಾಡಿಯನ್ನು ಸರ್ವಿಸಿಗೆ ಬಿಟ್ಟಿದ್ದೆ. ತರಲು ಹೋದಾಗ ಮೆಕ್ಯಾನಿಕ್ ಒಂದು ಪೆಡಲ್ ರಬ್ಬರನ್ನು ಮುಖದ ಮುಂದೆ ಹಿಡಿದ. ನಾನು ಆಳಂದದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು. ನಮ್ಮ ಗಾಡಿಯಲ್ಲಿ ಕಲಿಯುವವರ ಕಾಲಿಗೊಂದು ಬ್ರೇಕು, ಪಕ್ಕದಲ್ಲಿ ಕೂರುವ ನನ್ನ ಕಾಲಿಗೊಂದು ಬ್ರೇಕು ಇರುತ್ತದೆ. ಅವನ ಕೈಯಲ್ಲಿದ್ದದ್ದು ನನ್ನ ಕಡೆಯದು, ಗೆರೆಗಳೆಲ್ಲ ಅಳಿಸಿ ನುಣ್ಣಗಾಗಿತ್ತು.

"ನಿಮ್ಮ ಕಡೀದು ಪೂರಾ ಸವದದ್ರಿ. ಕಲಿಯೋರ ಕಡೀದು ಹೊಸದರಂಗ ಅದ. ಹಂಗಾದ್ರ ಗಾಡಿ ಹೊಡಿಯೋರು ಯಾರ್ರಿ?"

ತಮಾಷೆಗೆ ಅಂದದ್ದು. ನನಗೆ ನಗು ಬರಲಿಲ್ಲ. ನಮ್ಮ ಗಣಿತದ ಸರ್ ನೆನಪಾದರು...

ಹೈಸ್ಕೂಲಿನಲ್ಲಿ ಅವರ ಕೈಯಿಂದ ಪೆಟ್ಟು ತಿನ್ನದವರು ನಮ್ಮ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಉತ್ತರ ಸರಿಯಿದ್ದು ನಡುವಿನ ಒಂದು ಹೆಜ್ಜೆ ಬಿಟ್ಟರೂ ಬೆನ್ನ ಮೇಲೆ ಬೀಳುತ್ತಿತ್ತು. ಅಂಥವರು ರಿಟೈರಾದ ಮೇಲೆ ಒಂದು ದಿನ ನನ್ನ ಅಂಗಡಿಯಂಥ ಆಫೀಸಿಗೆ ಬಂದು, ನಾನೇ ಎಳೆದು ಕೊಟ್ಟ ಖುರ್ಚಿಯಲ್ಲಿ ಕೂರದೆ, ಕಾರು ಕಲಿಯಬೇಕು ಎಂದರು. ಹೆಂಡತಿಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಏರಲಾಗುತ್ತಿರಲಿಲ್ಲ. ಮಗಳನ್ನು ಕೊಟ್ಟದ್ದು ಅಫಜಲಪುರಕ್ಕೆ. ಹೆಂಡತಿಯ ತಮ್ಮ ನಿಂಬರ್ಗಾದ ರೈತ, ಅಕ್ಕ ಓಡಾಡಲಿ ಎಂದು ತನ್ನ ಹಳೆಯ ಕಾರನ್ನು ಕೊಟ್ಟಿದ್ದ.

ಮೊದಲ ದಿನ ಸ್ಟೇರಿಂಗ್ ಹಿಡಿಯುವ ಮುಂಚೆ ಸರ್ ನನ್ನ ಕಡೆ ತಿರುಗಿದರು. "ನೋಡಪಾ, ತಪ್ಪು ಮಾಡಿದ್ರ ನಾ ನಿನಗ ಬಿಟ್ಟೀನೇನು? ನೀನೂ ಬಿಡಬ್ಯಾಡ. ಬೈಯಿ."

ನಾನು ಬೈಯಲಿಲ್ಲ.

ಬೈಗುಳಕ್ಕೇನೂ ಬರವಿರಲಿಲ್ಲ, ಬಿಡಿ. ರಸ್ತೆಗೆ ಇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಜೇವರ್ಗಿ ಹೈವೇಯಲ್ಲಿ ಹಿಂದೆ ಯಾರಿದ್ದಾರೆ ಎಂದು ನೋಡದೆ ಗಕ್ಕನೆ ಹೊರಳುವವರು, ಭೂಸನೂರ ಫ್ಯಾಕ್ಟರಿಗೆ ಕಬ್ಬು ಹೇರಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಕಿವಿ ಕಿತ್ತುಹೋಗುವಂತೆ ಹಾಡು ಹಚ್ಚಿ ನಡುರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರಿನವರು... ಇವರಿಗೆಲ್ಲ ಗಾಡಿ ಕೊಟ್ಟವರ್ಯಾರು ಎಂದು ಕೂಗಾಡುತ್ತೇನೆ. ಲೈಸೆನ್ಸ್ ಮಾಡಿಸಿಕೊಡ್ರಿ ಸಾಕು, ಗಾಡಿ ನಾವೇ ಕಲೀತೀವಿ ಎಂದು ಬರುವವರಿಗೆ ಬಾಗಿಲು ತೋರಿಸುತ್ತೇನೆ. ಊರಲ್ಲಿ ನನಗೆ ಸಿಡುಕ ಎಂದೇ ಹೆಸರು. ಆ ಸಿಡುಕನ ಬಾಯಿ ಸರ್ ಮುಂದೆ ಬಿದ್ದುಹೋಗಿತ್ತು.

ಅವರು ಬ್ರೇಕನ್ನು ತಡಮಾಡಿ ಒತ್ತುತ್ತಿದ್ದರು. ಒತ್ತಿದರೂ ಅರೆಮನಸ್ಸಿನಿಂದ, ಚಪ್ಪಲಿ ಕೊಳೆಯಾದೀತೇನೋ ಎಂಬಂತೆ. ಎದುರಿಗೆ ಎಮ್ಮೆ ಬಂದರೆ, ಮಕ್ಕಳು ಅಡ್ಡ ಓಡಿದರೆ ಗಾಡಿಯನ್ನು ನಿಲ್ಲಿಸುತ್ತಿದ್ದದ್ದು ನನ್ನ ಕಾಲು. ಅವರಿಗೆ ಗೊತ್ತಾಗದ ಹಾಗೆ, ಮುಖ ಕಿಟಕಿಯ ಕಡೆ ಮಾಡಿಕೊಂಡು, ಮೆಲ್ಲಗೆ ಒತ್ತುತ್ತಿದ್ದೆ. ಗಾಡಿ ನಿಂತಾಗ ಅವರ ಮುಖದಲ್ಲಿ ಹುಡುಗರ ಖುಷಿ. "ನೋಡಿದೇನು, ಹೆಂಗ ನಿಲ್ಲಿಸಿದೆ?" ಎನ್ನುತ್ತಿದ್ದರು. ಭೇಷ್ ಸರ್ ಎನ್ನುತ್ತಿದ್ದೆ ನಾನು. ಆ ಖುಷಿಯನ್ನು ಕೆಡಿಸುವ ಧೈರ್ಯ ನನಗಾಗಲಿಲ್ಲ. ಇಂದು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುತ್ತಲೇ ಕಲಿಕೆ ಮುಗಿದುಹೋಯಿತು. ಲೈಸೆನ್ಸ್ ಪರೀಕ್ಷೆಯ ದಿನವೂ, ಇನ್‌ಸ್ಪೆಕ್ಟರ್ ಹೊರಗೆ ನಿಂತು ನೋಡುವಾಗ, ಪಕ್ಕದಲ್ಲಿ ನಾನೇ ಇದ್ದೆ... ಅಂದೂ ನನ್ನ ಕಾಲು ಸುಮ್ಮನಿರಲಿಲ್ಲ.

ಲೈಸೆನ್ಸ್ ಬಂದ ದಿನ ಪೇಢೆ ತಂದು ಕೊಟ್ಟರು.

ಕಬ್ಬಿನ ಸೀಜನ್ ಶುರುವಾಗಿತ್ತು. ಹೆಂಡತಿಯನ್ನು ಕರೆದುಕೊಂಡು ಅಫಜಲಪುರಕ್ಕೆ ಹೊರಟ ಸರ್, ಮುಂದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಹೋಗಿ ಗುದ್ದಿದರು. ಹಾಡುಹಗಲು, ನೆಟ್ಟಗಿನ ರಸ್ತೆ. ಆಯಮ್ಮನ ಕೈ ಮುರಿಯಿತು. ಸರ್ ಅವರ ಸೊಂಟದ ಎಲುಬು ಮುರಿದು, ಮತ್ತೆ ಸರಿಯಾಗಿ ಕೂಡಲೇ ಇಲ್ಲ. ಕಾರು ನಜ್ಜುಗುಜ್ಜಾಗಿ ಗುಜರಿಗೆ ಹೋಯಿತು. ಅದರ ಬ್ರೇಕನ್ನು ಯಾರೂ ನೋಡಲಿಲ್ಲ.

ಸರ್ ಅವರನ್ನು ನೋಡಲು ಹೋದೆ. ಮಲಗಿದಲ್ಲಿಂದಲೇ ನನ್ನ ಕೈ ಹಿಡಿದುಕೊಂಡರು. "ನನ್ನ ಅಳಿಯಾ ಮೋಸ ಮಾಡ್ಯಾನೋ ತಮ್ಮಾ. ಬ್ರೇಕ್ ಇಲ್ಲದ ಗಾಡಿ ಕೊಟ್ಟಾನ. ನಿನ್ನ ಗಾಡ್ಯಾಗ ಇಷ್ಟು ಕಾಲ ಇಟ್ರ ನಿಲ್ತಿತ್ತು, ಹೌದಿಲ್ಲೋ?" ಅಳಿಯಾ ಎಂದದ್ದು ಹೆಂಡತಿಯ ಆ ತಮ್ಮನಿಗೆ.

ಆಯಮ್ಮ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಹೌದ್ರಿ ಸರ್ ಎಂದೆ.

ಅದೊಂದು ಮಾತು ಆ ಮನೆಯನ್ನು ಒಡೆಯಿತು. ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬಂದ ತಮ್ಮನನ್ನು ಸರ್ ಹೊಸ್ತಿಲು ದಾಟಗೊಡಲಿಲ್ಲವಂತೆ. ಗಂಡನ ಮಾತು ಮೀರಿ ಆಯಮ್ಮನೂ ಹೋಗಲಿಲ್ಲ. ಮತ್ತೊಂದು ಪಂಚಮಿ ಬರುವುದರೊಳಗೆ ಸರ್ ತೀರಿಕೊಂಡರು. ಮಣ್ಣಿನ ದಿನ ಆ ತಮ್ಮ ಓಣಿಯ ತುದಿಯಲ್ಲೇ ನಿಂತಿದ್ದ, ಹತ್ತಿರ ಬರಲಿಲ್ಲ. ನಾನು ಹೆಣಕ್ಕೆ ಹೆಗಲು ಕೊಟ್ಟು ಅವನ ಮುಂದೆಯೇ ಹಾದುಹೋದೆ. ಪ್ರೀತಿಯ ಶಿಷ್ಯ ನಾನು, ಮೋಸಗಾರ ಅವನು... ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಸ್ಕೂಲಿಗೆ ಯಾರು ಬಂದಾರು ಎಂದು ಹೆದರಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೆಕ್ಯಾನಿಕ್ ಹೊಸ ರಬ್ಬರ್ ಹಾಕಿಕೊಟ್ಟ. ನಾನು ಗಾಡಿಯನ್ನು ಮನೆಗೆ ತರದೆ ನಿಂಬರ್ಗಾಕ್ಕೆ ಹೊಡೆದೆ. ಆ ತಮ್ಮ ಹೊಲದಲ್ಲಿ ತೊಗರಿ ರಾಶಿ ಮಾಡಿಸುತ್ತಿದ್ದ. ಮೊದಲಿನಂತಿರಲಿಲ್ಲ, ಇಳಿದುಹೋಗಿದ್ದ. ನೀರು ತರಿಸಿ ಕೊಟ್ಟ. ನಾನು ಬಾಯಿ ತೆರೆಯುವ ಮೊದಲೇ ಅವನೇ ಸರ್ ಮಾತು ತೆಗೆದ. ಕೊಡುವ ಮುಂಚೆ ಬ್ರೇಕನ್ನು ಇನ್ನೊಮ್ಮೆ ಗ್ಯಾರೇಜಿನವರಿಗೆ ತೋರಿಸಬೇಕಿತ್ತು, ತನ್ನಿಂದಲೇ ಮಾಮಾ ಹೋದರು, ಈಗ ಅಕ್ಕ ಕರೆದರೂ ಆ ಮನೆಗೆ ಹೋಗಲು ತನಗೆ ಮುಖವಿಲ್ಲ ಎಂದ.

ಎಲ್ಲ ಹೇಳಿದೆ. ನನ್ನ ಕಾಲು, ಕಿಟಕಿಯ ಕಡೆ ತಿರುಗಿಸಿದ ಮುಖ, ಹೌದ್ರಿ ಸರ್ ಎಂದದ್ದು, ಒಂದೂ ಬಿಡದೆ. ಅವನು ಬೈಯುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡಿದ್ದೆ. ಹಿಡಿದಿದ್ದರೆ ಹಗುರಾಗುತ್ತಿತ್ತೇನೋ. ಅವನು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ.

"ಇದು ಮಾಮಾರು ಇದ್ದಾಗ ಹೇಳಬೇಕಿತ್ತಲ್ರಿ," ಎಂದ. "ಸಾಯೋ ಮುಂದ ಒಂದ್ಸಲರ ಮೋಸಗಾರ ಅನ್ನಲಾರದ ನನ್ನ ಹೆಸರ ಹಿಡದು ಕರೀತಿದ್ರು."