ಬೇಟೆನಾಯಿಯ ಬಾಯಲ್ಲಿ ಕಾಡುಕೋಳಿ

ಮಾನಂದವಾಡಿ ಹತ್ತಿರದ ಕಾಫಿ ತೋಟದ ಬಿಳಿ ದೊರೆಗಳು ತಮ್ಮ ಬೇಟೆನಾಯಿಯ ಚಿತ್ರ ಬರೆಯಲು ನನ್ನನ್ನು ಕರೆಸಿದರು. ಅದರ ಬಾಯಲ್ಲಿ ಸತ್ತ ಕಾಡುಕೋಳಿ ಇರಲೇಬೇಕಂತೆ. ನಾವು ಜೈನರು, ಸತ್ತ ಕೋಳಿ ಬರೆಯಲು ನನಗೆ ಕೈ ಏಳಲಿಲ್ಲ. ಕಣ್ಣು ಪಿಳಿಪಿಳಿ ಬಿಡುವ ಕೋಳಿಯನ್ನೇ ಬರೆದುಬಿಟ್ಟೆ.

ದೊರೆಗಳ ಮುಖ ಕೆಂಪಾಯಿತು. "ಇದು ಬದುಕಿದೆಯಲ್ಲ!"

ನಾಯಿ ನೋಡಿಕೊಳ್ಳುವ ಕುರುಬರ ಮುದುಕ ಮಾರ ಹಿಂದಿನಿಂದ ಇಣುಕಿದ. "ಸರಿಯಾಗೇ ಬರ್ದವ್ರೆ ಬುದ್ಧಿ. ನಮ್ ನಾಯಿ ಹಿಡಿದ ಕೋಳಿ ಎಂದಾದ್ರೂ ಸತ್ತದಾ? ಎಲ್ಲಾ ಹಾರೋದ್ವಲ್ಲ!"

ದೊರೆಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿತ್ರ ಊಟದ ಕೋಣೆಯ ಗೋಡೆಗೇರಿತು.

ಮನೆಗೆ ಬಂದು ಅವ್ವನಿಗೆ ಇದನ್ನೆಲ್ಲ ಜಂಬದಿಂದ ಹೇಳಿದೆ. ಅವಳಿಗೆ ಮಾತ್ರ ಸಮಾಧಾನವಾಗಲಿಲ್ಲ. "ನಾಯಿ ಬಾಯಿ ಇನ್ನೊಂಚೂರು ತೆರೆದು ಬರೆಯೋಕೆ ನಿನಗೇನಾಗಿತ್ತೋ?" ಎಂದಳು.