ಅಡಿಗೆಯವರಿಗೆ ಗಂಡಸಿನ ಸ್ವರವೇ ಬೇಕಿತ್ತು

ಮೊಮ್ಮಗಳ ಆ್ಯಪಿನಲ್ಲಿ ದೋಷವೇನೂ ಇರಲಿಲ್ಲ. ಫೋನ್ ಎತ್ತಿದವಳು ಹೆಣ್ಣು, ಅದೊಂದೇ ದೋಷ.

ಮದುವೆ, ಉಪನಯನದಂಥ ಜಂಬರದ ಊಟಕ್ಕೆ ಎಷ್ಟು ಜನ ಎಂದು ಒತ್ತಿದರೆ ಅಕ್ಕಿ, ಬೇಳೆ, ತೆಂಗಿನಕಾಯಿ ಎಷ್ಟು ಬೇಕೆಂದು ಅದು ತೋರಿಸುತ್ತದೆ. ಬಿಡುವಿನಲ್ಲಿ ಕೂತು ಅವಳೇ ಮಾಡಿದ್ದು. ಅಡಿಗೆಯವರು ಫೋನ್ ಮಾಡಿದರೆ ಉತ್ತರ ಹೇಳುವವಳೂ ಅವಳೇ. ಆಲಂಕಾರು ಕಡೆಯ ಒಬ್ಬರು ಮೊನ್ನೆ ಫೋನ್ ಮಾಡಿ, ಪಾಯಸದ ಲೆಕ್ಕ ಬರುತ್ತಿಲ್ಲ ಎಂದು ರೇಗಿದರು. ಒಮ್ಮೆ ಅಪ್‌ಡೇಟ್ ಮಾಡಿದರೆ ಸರಿಯಾಗುತ್ತದೆ ಎಂದು ಇವಳು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ.

"ಅದೆಲ್ಲ ನಿಮಗೆ ಗೊತ್ತಾಗ್ಲಿಕ್ಕಿಲ್ಲ. ಮನೆಯಲ್ಲಿ ಗಂಡಸ್ರು ಉಂಟಾ? ಅವರಿಗೆ ಕೊಡಿ ಮಾರಾಯ್ರೆ."

ಅವಳಪ್ಪ, ಅಂದರೆ ನನ್ನ ಮಗ, ಫೋನ್ ತೆಗೆದುಕೊಂಡ. ಅವನಿಗೆ ಒಂದು ಫೋಟೊ ಕಳಿಸಲೂ ಬಾರದು. ಅವಳು ಪಕ್ಕದಲ್ಲಿ ನಿಂತು ಹೇಳಿಕೊಟ್ಟದ್ದನ್ನೇ ಒಪ್ಪಿಸಿದ. "ಹಾಗೆ ಹೇಳಿ ಮತ್ತೆ, ಈಗ ಗೊತ್ತಾಯ್ತು" ಎಂದು ಆ ಕಡೆಯಿಂದ ಹೊಗಳಿಕೆ ಬಂತು. "ಮಾಡಿದವಳು ನನ್ನ ಮಗಳು" ಎಂಬ ಒಂದು ಮಾತು ಇವನ ಬಾಯಿಂದ ಬರಲಿಲ್ಲ. ಹೊಗಳಿಸಿಕೊಂಡು ನಕ್ಕ.

ಸಂಜೆ ಅವಳು ಆ್ಯಪಿನಿಂದ ತನ್ನ ಹೆಸರು ತೆಗೆದು ಅಪ್ಪನ ಹೆಸರು ಹಾಕಿದಳು. "ಇನ್ನು ಅಪ್ಪನೇ ಮಾತಾಡ್ಲಿ ಅಜ್ಜಿ, ನನಗೆ ಸಾಕಾಯ್ತು" ಎಂದಳು.

ಆ ಅಡಿಗೆಯವರಿಗಿಂತ ನಾನು ಹೆತ್ತವನ ಮೇಲೆಯೇ ನನಗೆ ಹೆಚ್ಚು ಸಿಟ್ಟು. ಮರುದಿನ ಬೆಳಿಗ್ಗೆ ಫೋನ್ ಬಡಿದುಕೊಂಡಾಗ ಅವನು ಕೈ ಚಾಚಿದ. ನಾನೇ ಎತ್ತಿ, "ಇಲ್ಲಿಯ ಗಂಡಸ್ರಿಗೆ ಎಂತದೂ ಗೊತ್ತಿಲ್ಲ, ಮಾಡಿದವಳಿಗೆ ಕೊಡ್ತೇನೆ" ಎಂದು ಹೇಳಿ ಮೊಮ್ಮಗಳ ಕೈಗಿತ್ತೆ.