ಯುನಿಕ್ಸ್ ಯಂತ್ರಕ್ಕೆ ಎರಡು ಕಾಯಿ

1999ರ ಖಂಡೇನವಮಿ, ಬೆಳಗ್ಗೆ 11.10. ಆಯುಧಪೂಜೆಗೆಂದು ಬಂದ್ ಮಾಡಿದ್ದ ನಮ್ಮ ರಾಂಜಣಗಾಂವ ಕಾರ್ಖಾನೆಯ ಹಳೆಯ ಯುನಿಕ್ಸ್ ಕಂಪ್ಯೂಟರ್ ಮತ್ತೆ ಚಾಲೂ ಆಯಿತು, ಆದರೆ ನೆಟ್‌ವರ್ಕ್ ಏಳಲಿಲ್ಲ. ಅದಿಲ್ಲದೆ ಗೇಟಿನಲ್ಲಿ ಸರಕಿನ ಚಲನ್ ಅಚ್ಚಾಗದು, ಆರು ಲಾರಿಗಳು ಹೊರಡವು. ಒಂಬತ್ತು ಸಲ ಬಂದ್ ಮಾಡಿ ಚಾಲೂ ಮಾಡಿದೆ.

“ಕುಂಕುಮ ಭಾಳ ಆತೇನ್ರೀ? ತಡೀರಿ, ಇನ್ನೊಂದು ಕಾಯಿ ಒಡಸ್ತೀನಿ,” ಎಂದು ಸ್ಟೋರ್ಸಿನ ದೇಸಾಯರು ಹೊರಗೆ ಹೋದರು.

ನಾನು ಹಳೆಯ ಡೈರಿ ತೆಗೆದೆ. 312 ದಿನಗಳ ಹಿಂದೆ ನಾನೇ ಬರೆದಿದ್ದೆ: ‘ನೆಟ್‌ವರ್ಕ್ ಆದೇಶವನ್ನು ಕೈಯಿಂದ ಟೈಪಿಸಿ ಎಬ್ಬಿಸಿದೆ. ಯಂತ್ರ ಚಾಲೂ ಆದಾಗ ತಾನೇ ಓಡುವ ಸ್ಟಾರ್ಟಪ್ ಫೈಲಿಗೆ ಅದನ್ನು ನಾಳೆ ಸೇರಿಸಬೇಕು.’ ಸೇರಿಸಿರಲಿಲ್ಲ. ಅಂದಿನಿಂದ ಯಂತ್ರವನ್ನು ಯಾರೂ ಬಂದ್ ಮಾಡಿಯೂ ಇರಲಿಲ್ಲ. ಆ ಸಾಲನ್ನೇ ಮತ್ತೆ ಟೈಪಿಸಿದೆ. ನೆಟ್‌ವರ್ಕ್ ಎದ್ದಿತು.

“ನೋಡ್ರಿ, ಕಾಯಿ ಒಡದ ಕೂಡ್ಲೆ!” ಎನ್ನುತ್ತ ದೇಸಾಯರು ಒಳಗೆ ಬಂದರು. “ಹೌದ್ರಿ,” ಎಂದೆ.

ಈಗ ಆ ಯಂತ್ರಕ್ಕೆ ಪ್ರತಿ ವರ್ಷ ಎರಡು ಕಾಯಿ. ಅವರಿಗೆ ನಿಜ ಹೇಳುವ ಉಪಾಯ ಬಲ್ಲವರು ಈ ಪತ್ರಿಕೆಗೆ ಬರೆದು ತಿಳಿಸಿ. ದೇಸಾಯರು ಓದುವುದು ಮರಾಠಿ ಪತ್ರಿಕೆ, ಹೆದರಬೇಡಿ.